ಡ್ರಿಲ್ ಹೊಡೆದು ಮಾಡಿದ ಕಟಗಿ ಉಂಗುರ ಯಾಕ ಮುರೀತದ, ಮುರೀದಂಗ ಮಾಡೋದು ಹೆಂಗ

ಪ್ರಶ್ನೆ: ನಾವು ಮುಂಬೈ ಹತ್ರ ಡೊಂಬಿವಲಿ ಈಸ್ಟಲ್ಲಿ ಒಂದು ಬೆಡ್‌ರೂಮ್ ಫ್ಲ್ಯಾಟಲ್ಲಿ ಇರೋದು. ನನ್ನ ಹೆಂಡತಿಗೆ ಆರ್ಟಿಫಿಶಿಯಲ್ ಉಂಗುರ ಯಾವ್ದು ಹಾಕಿದ್ರೂ ಬೆರಳು ಕೆಂಪಾಗಿ ತುರಿಕೆ ಬರುತ್ತೆ, ಚಿನ್ನದ್ದು ಹಾಕ್ಕೊಂಡು ಲೋಕಲ್ ಟ್ರೇನಲ್ಲಿ ಓಡಾಡೋಕೆ ಭಯ. ಅದಕ್ಕೆ ಹತ್ತನೇ ಆನಿವರ್ಸರಿಗೆ ಮರದ ಉಂಗುರ ನಾನೇ ಮಾಡ್ಕೊಡೋಣ ಅಂತ ಹಳೇ ಶೀಶಂ ಕುರ್ಚಿ ಕಾಲಿಂದ ತುಂಡು ಕತ್ತರಿಸಿ, ಡ್ರಿಲ್ ಹೊಡೆದು, ಉಪ್ಪು ಕಾಗದದಲ್ಲಿ ಉಜ್ಜಿ ಮೂರು ಮಾಡಿದೆ. ಒಂದು ತೂತು ಕೊರೆಯುವಾಗ್ಲೇ ಸೀಳ್ತು, ಒಂದು ಉಜ್ಜುವಾಗ, ಮೂರನೇದು ನಾನೇ ಹಾಕ್ಕೊಂಡು ನೋಡಿದ್ದು ನಾಲ್ಕನೇ ದಿನ ಎರಡು ತುಂಡು. ಲೇತ್ ಇಲ್ಲದೆ ಬಾಲ್ಕನಿಯಲ್ಲೇ ಗಟ್ಟಿ ಉಂಗುರ ಮಾಡೋಕಾಗುತ್ತಾ? ಇನ್ನೂ ಮೂರು ವಾರ ಟೈಮಿದೆ, ಮಳೆಗಾಲ ಬೇರೆ.

ಉತ್ತರ: ಆಗ್ತದ್ರಿ, ಲೇತ್ ಬ್ಯಾಡ, ಬಾಲ್ಕನಿ ಸಾಕು. ನಿಮ್ಮ ಕೈಯಾಗ ತಪ್ಪಿಲ್ಲ, ಶೀಶಂದಾಗೂ ತಪ್ಪಿಲ್ಲ, ಕೊರದ ದಿಕ್ಕಿನ್ಯಾಗ ತಪ್ಪದ. ಕುರ್ಚಿ ಕಾಲು ಅಂದೀರಿ, ಅಂದ್ರ ನೀವು ಸೌತಿಕಾಯಿ ಬಿಲ್ಲಿ ಕೊರದಂಗ ಅಡ್ಡಡ್ಡ ಕೊರದು ನಡುವ ತೂತು ಹಾಕಿರಬೇಕು, ಹೌದಲ್ಲ? ಹಂಗಿದ್ರ ಮೂರೂ ಮುರದಿದ್ದು ಆಶ್ಚರ್ಯ ಅಲ್ಲ, ಮೂರನೇದು ನಾಕು ದಿನ ಬಾಳಿದ್ದ ಆಶ್ಚರ್ಯ.

ನಾನು ಪುಣೆದಾಗ, ಭೋಸರಿ ಕಡೆ, ಇಪ್ಪತ್ತೆರಡು ವರ್ಷ ಪ್ಯಾಟರ್ನ್ ಶಾಪ್‌ನ್ಯಾಗ ಕೆಲಸ ಮಾಡಿದಾಂವ. ಫೌಂಡ್ರಿದಾಗ ಕಬ್ಬಿಣ ಎರಕ ಹೊಯ್ಯೋಕಿಂತ ಮೊದಲು ಅದರ ಆಕಾರನ ಕಟಗಿದಾಗ ಮಾಡಿ ಮರಳಿನ್ಯಾಗ ಒತ್ತಬೇಕಲ್ಲ, ಆ ಕಟಗಿ ಆಕಾರ ಮಾಡೋರು ನಾವು. ಅಲ್ಲೆ ಹೊಸಾ ಹುಡುಗ ಬಂದ ಮೊದಲನೇ ವಾರ ಕಲಸೋದು ಏನಂದ್ರ, ಬಳಿ ಆಕಾರದ್ದು ಏನ ಮಾಡೋದಿದ್ರೂ ಒಂದ ಹಲಗಿಯಿಂದ ಕೊರೀಬ್ಯಾಡ ಅಂತ. ಸಣ್ಣ ಸಣ್ಣ ತುಂಡು ಮಾಡಿ ಇಟ್ಟಂಗಿ ಗ್ವಾಡಿ ಕಟ್ಟಿದಂಗ ಒಂದರ ಸಂದಿ ಮ್ಯಾಲ ಇನ್ನೊಂದು ತುಂಡು ಬರಬೇಕು, ಹಂಗ ಥರ ಥರ ಅಂಟಿಸಿ ಆಮ್ಯಾಲ ದುಂಡ ಮಾಡೋದು. ಯಾಕ ಅಂತ ಗೊತ್ತಾತಂದ್ರ ನಿಮ್ಮ ಅರ್ಧ ಕೆಲಸ ಮುಗೀತು.

ಊರಾಗ ಒಲಿಗೆ ಕಟಗಿ ಒಡಿಯೋದು ನೋಡೀರಿಲ್ಲ? ಕೊಡ್ಲಿ ಎಳಿ ಹಿಡದು ಉದ್ದಕ್ಕ ಬಿದ್ರ ಒಂದ ಹೊಡ್ತಕ್ಕ ಸೀಳಿ ಎರಡು ಕಡೆ ಬೀಳ್ತದ, ಅದ ಬೊಡ್ಡಿಗೆ ಅಡ್ಡ ಹೊಡದ್ರ ಇಪ್ಪತ್ತು ಹೊಡ್ತ ಹೊಡದ್ರೂ ಕಚ್ಚು ಬೀಳ್ತದ ಅಷ್ಟ. ಕಟಗಿ ಎಳಿ ಉದ್ದಕ್ಕ ಜಗ್ಗಿದ್ರ ತಡಿಯೋ ಶಕ್ತಿಗೂ, ಎಳಿ ಒಂದರಿಂದ ಒಂದು ಬ್ಯಾರೆ ಆಗೋಹಂಗ ಅಡ್ಡ ಜಗ್ಗಿದ್ರ ತಡಿಯೋ ಶಕ್ತಿಗೂ ಇಪ್ಪತ್ತು ಪಟ್ಟು, ಅದಕ್ಕೂ ಹೆಚ್ಚು ಫರಕ್ ಇರ್ತದ. ಈಗ ಉಂಗುರದ ಮ್ಯಾಲ ಬೀಳೋ ಜಗ್ಗಾಟ ಯಾವುದು? ಬೆರಳು ಒಳಗಿಂದ ಹೊರಗ ದೂಡ್ತದ, ಲೋಕಲ್‌ನ್ಯಾಗ ಸ್ಟೀಲ್ ಕಂಬ ಹಿಡದ್ರ ಉಂಗುರ ಸ್ವಲ್ಪ ಚಪ್ಪಟಿ ಆಗೋಹಂಗ ಒತ್ತತದ. ಎರಡರಾಗೂ ಉಂಗುರ ಸುತ್ತಳತಿ ಗುಂಟ ಜಗ್ಗತದ. ನೀವು ಬಿಲ್ಲಿ ಕೊರದಾಗ ಎಳಿ ಎಲ್ಲಾ ತೂತಿನ ದಿಕ್ಕಿನ್ಯಾಗ ನಿಂತಾವ, ಸುತ್ತಳತಿ ಗುಂಟ ಒಂದೂ ಇಲ್ಲ. ಎಲ್ಲಿ ಬೇಕಾದಲ್ಲೆ ಸೀಳಬಹುದು. ಮುರದ ತುಂಡು ಇನ್ನೂ ಇದ್ರ ಬೆಳಕಿಗೆ ಹಿಡದು ನೋಡ್ರಿ, ತೂತಿನಿಂದ ಹೊರಗ ಸೂಜಿ ಹಿಡದಂಗ ನೆಟ್ಟಗ ಬಿರಿದಿರ್ತದ, ಒಂದು ಸಿಬರೂ ಎದ್ದಿರೂದಿಲ್ಲ. ಮುರದದ್ದಲ್ಲ ಅದು, ಬಿಚ್ಚಿಕೊಂಡದ್ದು.

ಹಂಗಂದ್ರ ಹಲಗಿ ಮಲಗಿಸಿ ಕೊರದ್ರ ನಡೀತದ ಅಂತ ಅನ್ನಬಹುದು. ಸ್ವಲ್ಪ ವಾಸಿ, ಆದ್ರ ಅಲ್ಲೂ ಉಂಗುರದ ಎರಡು ಕಡೆ, ಗಡಿಯಾರದ ಮೂರು ಗಂಟೆ ಒಂಬತ್ತು ಗಂಟೆ ಅನ್ನೂ ಜಾಗದಾಗ ಎಳಿ ಅಡ್ಡ ಬಂದ ಬರ್ತಾವ, ಎರಡು ಮಿಮೀ ಗ್ವಾಡಿ ಅಂದ್ರ ಎಳಿ ಉದ್ದ ಬರೇ ಎರಡು ಮಿಮೀ. ಹಲಗಿ ಉಂಗುರ ಬಿದ್ದು ಮುರದ್ರ ಹೆಚ್ಚುಕಡಿಮಿ ಯಾವಾಗಲೂ ಆ ಎರಡು ಜಾಗದಾಗ ಮುರೀತದ. ಚನ್ನಪಟ್ಟಣದ ಕಟಗಿ ಬಳಿ ಯಾಕ ಮುರಿಯಂಗಿಲ್ಲ ಅಂತ ಕೇಳಬ್ಯಾಡ್ರಿ, ಅವು ದಪ್ಪ ಇರ್ತಾವ, ಕೈಯಾಗ ಸಡಿಲ ಇರ್ತಾವ, ಉಂಗುರಕ್ಕ ಅಷ್ಟು ದಪ್ಪ ಕೊಟ್ರ ಎರಡು ಬೆರಳು ಕೂಡಸಾಕ ಬರಂಗಿಲ್ಲ.

ನಮ್ಮಪ್ಪ ಧಾರವಾಡದ ಕಡೆ ಹಳ್ಳ್ಯಾಗ ಬಡಿಗೇರ ಕೆಲಸ ಮಾಡ್ತಿದ್ದ, ಚಕ್ಕಡಿ ಗಾಲಿ ಮಾಡೋದು ನಾನು ಸಣ್ಣಾಂವ ಇದ್ದಾಗಿಂದ ನೋಡೀನಿ. ಗಾಲಿ ಸುತ್ತು ಒಂದ ಕಟಗಿಯಿಂದ ಎಂದೂ ಮಾಡಂಗಿಲ್ಲ, ಬಾಗು ಇರೋ ತುಂಡು ಹುಡಿಕಿ ಒಂದಕ್ಕೊಂದು ಕೂಡಿಸಿ ದುಂಡ ಮಾಡೋದು, ಆಮ್ಯಾಲ ಕಬ್ಬಿಣದ ಹಳಿ ಕುಳ್ಳ ಬೆಂಕ್ಯಾಗ ಕೆಂಪಗ ಕಾಸಿ ಏರಿಸಿ ನೀರು ಹೊಯ್ಯೋದು. ಚುಂಯ್ ಅಂತ ಹೊಗಿ ಎದ್ದು ಹಳಿ ಕುಗ್ಗಿ ಎಲ್ಲಾ ತುಂಡು ಬಿಗಿಯಾಗಿ ಕಚ್ಚಿ ಹಿಡೀತಿತ್ತು. ಅಷ್ಟು ದೊಡ್ಡ ಗಾಲಿಗೆ ಗೊತ್ತಿದ್ದದ್ದು ಬೆರಳಿನ ಉಂಗುರಕ್ಕೂ ಅದ. ಎಳಿ ಸುತ್ತಿಕೊಂಡು ಹೋಗಬೇಕು, ಇಲ್ಲಾ ಯಾರರ ಸುತ್ತಿ ಹಿಡೀಬೇಕು.

ಸುತ್ತಿ ಹಿಡಿಯೋದು ಅಂದ್ರ ಒಳಗ ಲೋಹದ ಬಳಿ ಕೂಡಸೋದು. ಭಾಳ ಮಂದಿ ಸ್ಟೀಲ್ ಬಳಿ ಮ್ಯಾಲ ಕಟಗಿ ಕೂಡಸ್ತಾರ, ಗಟ್ಟಿನೂ ಆಗ್ತದ. ನಿಮ್ಮ ಮನಿಯವರಿಗೆ ಬ್ಯಾಡ. ಆರ್ಟಿಫಿಶಿಯಲ್ ಉಂಗುರದಿಂದ ತುರಿಕಿ ಬರೋದು ಬಹಳ ಸಲ ನಿಕಲ್‌ನಿಂದ, ಸ್ಟೇನ್‌ಲೆಸ್ ಸ್ಟೀಲ್‌ನ್ಯಾಗೂ ನಿಕಲ್ ಇರ್ತದ, ಯಾಕ ಬೇಕು ಆ ಉಸಾಬರಿ. ಕಟಗಿನ ಸುತ್ತೋಣ. ತೆಳ್ಳನ ಪಟ್ಟಿನ ಬಿಸಿನೀರಾಗ ಮೆತ್ತಗ ಮಾಡಿ ಪೈಪಿಗೆ ಮೂರು ನಾಕು ಸುತ್ತು ಸುತ್ತಿ ಅಂಟಿಸೋದು, ಮೇದಾರರು ಬಿದಿರು ಸೀಳಿ ಬುಟ್ಟಿ ಅಂಚು ಸುತ್ತತಾರಲ್ಲ, ಹಂಗ. ಎಳಿ ಇಡೀ ಉಂಗುರದ ಗುಂಟ ಓಡ್ತದ, ಸೀಳಾಕ ಜಾಗ ಎಲ್ಲೂ ಸಿಗಂಗಿಲ್ಲ. ಗ್ವಾಡಿ ಎರಡು ಮಿಮೀ ಇದ್ರೂ ಕೈಯಿಂದ ಒತ್ತಿದ್ರ ಸ್ಪ್ರಿಂಗ್ ಹಂಗ ಬಾಗಿ ವಾಪಸ್ ಬರ್ತದ.

ಸಾಮಾನು ಹೇಳ್ತೀನಿ. ವಿನಿಯರ್, ಅಂದ್ರ ಕಾಗದದಂಗ ತೆಳ್ಳಗ ಸೀಳಿದ ಕಟಗಿ ಹಾಳಿ ಬೇಕು, 0.5 ಮಿಮೀದು. ಅಂಗಡ್ಯಾಗ ವಿನಿಯರ್ ಕೊಡ್ರಿ ಅಂದ್ರ 4 ಮಿಮೀ ಪ್ಲೈ ಮ್ಯಾಲ ಅಂಟಿಸಿದ್ದು ತೋರಸ್ತಾರ, ಅದು ಬಾಗಂಗಿಲ್ಲ, ರಾ ವಿನಿಯರ್ ಅಂತ ಕೇಳ್ರಿ, ಹಿಂದ ಬಟ್ಟಿ ಕಾಗದ ಏನೂ ಇರಬಾರದು. ನಿಮಗ ಒಂದು ಅಡಿ ತುಂಡು ಸಾಕು, ಅವರು ಎಂಟಡಿ ಶೀಟ್ ತಗೋ ಅಂತಾರ, ಅದಕ್ಕ ಹೊಸಾ ಮಾಲು ಕೇಳಬ್ಯಾಡ್ರಿ, ಸ್ಯಾಂಪಲ್ ತುಂಡು, ಅಂಚು ಒಡದದ್ದು ಕೇಳ್ರಿ. ನಾನು ಇಲ್ಲೆ ಭವಾನಿ ಪೇಠ್ ಟಿಂಬರ್ ಮಾರ್ಕೆಟ್‌ನ್ಯಾಗ ಹಂಗ ತಗೋತೀನಿ, ಮಧ್ಯಾಹ್ನ ಒಂದರಿಂದ ನಾಕರ ನಡುವ ಹೋಗಂಗಿಲ್ಲ ಅಷ್ಟ, ಆಗ ಅಂಗಡಿ ಮುಚ್ಚಿ ಮಲಗಿರ್ತಾರ, ಪುಣೆದಾಗ ಇದ್ದವರಿಗೆ ಇದು ಹೇಳಬೇಕಿಲ್ಲ. ನಿಮಗ ರೇ ರೋಡ್ ಕಡೆ ಟಿಂಬರ್ ಅಂಗಡಿ ಸಿಗ್ತಾವ, ಅರ, ಬ್ಲೇಡು, ಡ್ರಿಲ್ ಬಿಟ್ ಇತ್ಯಾದಿಗೆ ಮಸೀದ್ ಸ್ಟೇಷನ್ ಇಳದು ನಾಗದೇವಿ ಸ್ಟ್ರೀಟ್. ಇನ್ನ ಫುಕಟ್ ದಾರಿ ಒಂದದ. ನಿಮ್ಮ ಬಿಲ್ಡಿಂಗ್‌ನ್ಯಾಗ ಯಾರರ ಮನ್ಯಾಗ ಫರ್ನಿಚರ್ ಕೆಲಸ ನಡದಿದ್ದು, ಮಿಸ್ತ್ರಿ ಕೈ ರಂಧಾ, ಅಂದ್ರ ಹಲಗಿ ಹೆರಿಯೋ ಕೀಸುಳಿ, ಹೊಡೀತಿದ್ರ, ಬ್ಲೇಡು ಸ್ವಲ್ಪ ಇಳಿಸಿ ಒಂದು ದಪ್ಪ ಸುರುಳಿ ಎಬ್ಬಿಸಿ ಕೊಡಂತ ಹೇಳ್ರಿ, ಒಂದು ಚಹಾಕ್ಕ ಹತ್ತು ಉಂಗುರದ ಕಟಗಿ ಬರ್ತದ. ಇಲೆಕ್ಟ್ರಿಕ್ ರಂಧಾದ್ದು ಬರಂಗಿಲ್ಲ, ಅದು ಚೂರು ಚೂರು ಮಾಡಿ ಉಗಳ್ತದ.

ಯಾವ ಕಟಗಿ? ಇಲ್ಲೆ ನಿಮಗ ಶೀಶಂ ಬ್ಯಾಡ ಅಂತೀನಿ. ಶೀಶಂ, ಬೀಟಿ ಒಂದ ಕುಲದವು, ಆ ಕುಲದ ಕಟಗಿ ಕೆಲವರಿಗೆ ಚರ್ಮದ ಅಲರ್ಜಿ ತರ್ತದ, ಸಾಗವಾನಿನೂ ಕೆಲವರಿಗೆ ತರ್ತದ, ಶಾಪ್‌ನ್ಯಾಗ ಸಾಗವಾನಿ ಉಜ್ಜಿದ ದಿನ ಮುಂಗೈ ಕೆರಕೊಂಡು ಕೂಡೋ ಹುಡುಗರನ್ನ ನೋಡೀನಿ. ಮೊದಲ ತುರಿಕಿ ಇರೋರಿಗೆ ಮಾಡಾಕ ಹತ್ತೀರಿ, ಹಂಗಾಗಿ ವಾಲ್‌ನಟ್, ಆ್ಯಶ್, ಬೀಚ್, ಮೇಪಲ್ ಇಂಥಾವು ತಗೋರಿ, ವಿನಿಯರ್ ಅಂಗಡ್ಯಾಗ ಇವೆಲ್ಲಾ ಇರ್ತಾವ. ಆ್ಯಶ್ ಮತ್ತ ಬೀಚ್ ಬಾಗೋದ್ರಾಗ ಎಲ್ಲಾರಿಗಿಂತ ಛಲೋ. ನನಗ ಹಿಡಸೋದು ಒಳಗ ಎರಡು ಸುತ್ತು ಬಿಳೇ ಮೇಪಲ್, ಹೊರಗ ಎರಡು ಸುತ್ತು ವಾಲ್‌ನಟ್. ಬದಿಯಿಂದ ನೋಡಿದ್ರ ಸಣ್ಣ ಬಿಳೇ ಗೆರಿ ಕಾಣ್ತದ, ಇಳಕಲ್ ಸೀರಿ ಅಂಚು ನೋಡಿದಂಗ. ಕೆಲವರು ಗಂಧದ ಕಟಗಿ ಉಂಗುರ ಅಂತ ಕೇಳ್ತಾರ, ಮ್ಯಾಲ ಗ್ಲೂ ಪಾಲಿಶ್ ಹೊಡದಮ್ಯಾಲ ವಾಸನಿ ಎಲ್ಲಿಂದ ಬರಬೇಕ್ರಿ.

ಈಗ ಅಳತಿ. ದಾರ ಸುತ್ತಿ ಅಳೀಬ್ಯಾಡ್ರಿ, ದಾರ ಹಿಗ್ಗತದ. 6 ಮಿಮೀ ಅಗಲದ ಕಾಗದದ ಪಟ್ಟಿ, ಸಂಜಿಮುಂದ, ಬೆರಳಿನ ಗೆಣ್ಣಿನ ಮ್ಯಾಲ ದಾಟೋಹಂಗ ಸುತ್ತಿ ಗುರ್ತು ಹಾಕ್ರಿ, ಮುಂಜಾನಿ ಬೆರಳು ಸಣ್ಣ ಇರ್ತದ. ಬಂದ ಮಿಲಿಮೀಟರ್‌ನ್ಯಾಗ 40 ಕಳದ್ರ ನಮ್ಮ ದೇಶದ ಅಕ್ಕಸಾಲಿಗರ ನಂಬರ್ ಹೆಚ್ಚುಕಡಿಮಿ ಬರ್ತದ, 52 ಬಂದ್ರ 12ನೇ ನಂಬರ್. ಸರ್‌ಪ್ರೈಜ್ ಕೊಡೋದಿದ್ರ ಅವರ ಹಳೇ ಉಂಗುರ ಡಬ್ಬಿಯಿಂದ ತಗದು ಒಳಗಿನ ಅಡ್ಡಳತಿ ಸ್ಕೇಲ್‌ನ್ಯಾಗ ಅಳದು 3.14ರಿಂದ ಗುಣಿಸ್ರಿ, ಆದ್ರ ಅದು ಯಾವ ಬೆರಳಿಂದು ಅಂತ ಪಕ್ಕಾ ಮಾಡಿಕೋರಿ. ಅಗಲ ಉಂಗುರ ಬಿಗಿ ಅನಸ್ತದ, ಅದಕ್ಕ 6 ಮಿಮೀ ಅಗಲಕ್ಕ ಅರ್ಧ ನಂಬರ್ ಸಡಿಲ ಇಟ್ರ ತಪ್ಪಿಲ್ಲ. ಚಿನ್ನದ್ದಾದ್ರ ಬಡದು ದೊಡ್ಡದು ಮಾಡ್ತಾರ, ಇದನ್ನ ಒಳಗಿಂದ ಉಜ್ಜಿ ಸ್ವಲ್ಪ ದೊಡ್ಡದು ಮಾಡಬಹುದು, ಸಣ್ಣದಂತೂ ಮಾಡಾಕ ಬರಂಗಿಲ್ಲ.

ಸುತ್ತಾಕ ದುಂಡಂದು ಬೇಕಲ್ಲ, ಲಟ್ಟಣಿಗಿ ಹಿಡಿಕಿ ತಗೋಬ್ಯಾಡ್ರಿ, ಅದು ಒಂದು ಕಡೆ ಸಣ್ಣ ಒಂದು ಕಡೆ ದಪ್ಪ. ಪ್ಲಂಬರ್ ಬಿಸಿನೀರಿಗೆ ಹಾಕೋ ಕ್ರೀಮ್ ಬಣ್ಣದ ಅರ್ಧ ಇಂಚಿನ ಸಿಪಿವಿಸಿ ಪೈಪ್ ಅದಲ್ಲ, ಅದರ ಹೊರಗಿನ ಅಡ್ಡಳತಿ 15.9 ಮಿಮೀ. ಅದರ ಮ್ಯಾಲ ಮಾಸ್ಕಿಂಗ್ ಟೇಪ್ ಒಂದು ಸುತ್ತು ಸುತ್ತಿದ್ರ ಅಡ್ಡಳತಿ ಕಾಲು ಮಿಮೀ ಮ್ಯಾಲ ಬೆಳೀತದ, ಅಂದ್ರ ಹತ್ತತ್ರ ಒಂದು ನಂಬರ್. 12ನೇ ನಂಬರ್‌ಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್, ಅದರ ಮ್ಯಾಲ ಒಂದು ಸುತ್ತು ಪಾರ್ಸಲ್ ಪ್ಯಾಕಿಂಗ್ ಟೇಪ್, 16.5ಕ್ಕ ಬಂದು ನಿಲ್ತದ. ಪ್ಯಾಕಿಂಗ್ ಟೇಪ್ ಯಾಕಂದ್ರ ಅದಕ್ಕ ಸೂಪರ್ ಗ್ಲೂ ಸರಿಯಾಗಿ ಹಿಡಿಯಂಗಿಲ್ಲ, ಉಂಗುರ ಜಾರಿ ಹೊರಗ ಬರ್ತದ. ಇದು ಬಿಟ್ರ ಉಂಗುರನೂ ಪೈಪೂ ಒಂದ ಆಗಿ ಕೂಡ್ತಾವ, ಆಮ್ಯಾಲ ಬೆರಳಿಗೆ ಪೈಪ್ ಸಮೇತ ಹಾಕ್ಕೋಬೇಕು.

ಪಟ್ಟಿ ಉದ್ದ ಲೆಕ್ಕ ಹಾಕೋಣ. 16.5 ಮಿಮೀ ಪೈಪಿಗೆ ಅರ್ಧ ಮಿಮೀ ವಿನಿಯರ್ ನಾಕು ಸುತ್ತು ಅಂದ್ರ 233 ಮಿಮೀ ಆಗ್ತದ, ತುದಿ ತೆಳ್ಳಗ ಮಾಡಾಕ ಸ್ವಲ್ಪ ಸೇರಿಸಿ 250 ಇಟ್ಕೋರಿ. ಅಗಲ 10 ಮಿಮೀ, ಆಮ್ಯಾಲ ಉಜ್ಜಿ 6ಕ್ಕ ತರೋದು. ಎಳಿ ಪಟ್ಟಿ ಉದ್ದಕ್ಕ ಇರಬೇಕು, ಇದನ್ನ ಮೂರು ಸಲ ನೋಡ್ರಿ. ಕತ್ತರಿಯಿಂದ ಕತ್ತರಿಸಿದ್ರ ಅಂಚು ಸೀಳ್ತದ, ಹಿಂದ ಟೇಪ್ ಹಚ್ಚಿ ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಿಂದ ಹಗೂರಕ ಐದಾರು ಸಲ ಎಳೀರಿ. ಎರಡೂ ತುದಿ ಒಂದೊಂದು ಇಂಚು ಉಪ್ಪು ಕಾಗದದಾಗ ಉಜ್ಜಿ ಬ್ಲೇಡಿನ ಅಂಚಿನಂಗ ತೆಳ್ಳಗ ಮಾಡ್ರಿ. ಈ ಕೆಲಸ ಬ್ಯಾಸರ, ಮಂದಿ ಇದನ್ನ ಬಿಡ್ತಾರ, ಬಿಟ್ರ ಒಳಗ ಬೆರಳಿಗೆ ಮೆಟ್ಟಲ ಹತ್ತಿದಂಗ ಹತ್ತತದ, ಹೊರಗ ಸೀರಿಗೆ ತೊಡಕತದ.

ಆಮ್ಯಾಲ ಅಗಲ ಪಾತ್ರಿದಾಗ ಕುದಿಯೋ ನೀರಾಗ ಹತ್ತು ನಿಮಿಷ. ನೀರಿಗೆ ಕಟಗಿ ಬಣ್ಣ ಬಿಡ್ತದ, ಹಾಲಿನ ಪಾತ್ರಿ ತಗೋಬ್ಯಾಡ್ರಿ, ಬೈಸ್ಕೋತೀರಿ. ಕಟಗಿ ಎಳಿನ ಒಂದಕ್ಕೊಂದು ಹಿಡದಿಡೋ ಲಿಗ್ನಿನ್ ಅನ್ನೋದು ಬಿಸಿ ಮತ್ತ ನೀರು ಎರಡೂ ಸಿಕ್ಕಾಗ ಮೆತ್ತಗ ಆಗ್ತದ, ತಣ್ಣಗಾದ್ರ ಮತ್ತ ಗಟ್ಟಿ. ಅದಕ್ಕ ತಗದ ಕೂಡಲೇ ಸುತ್ತಬೇಕು, ತಣ್ಣಗಾಗಾಕ ಬಿಡಬಾರದು. ಅವಸರ ಮಾಡಿದ್ರ ಟಿಕ್ ಅಂತ ಸಣ್ಣ ಸಪ್ಪಳ ಬರ್ತದ, ಅದು ಹೊರಗಿನ ಎಳಿ ಹರದ ಸಪ್ಪಳ, ಬಂದ್ರ ಅಲ್ಲೇ ನಿಲ್ಲಿಸಿ ಮತ್ತ ನೀರಿಗೆ ಹಾಕ್ರಿ. ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಗ್ಲೂ ಇಲ್ಲದಂಗ ಹಂಗ ಒಣಗಾಕ ಇಡ್ರಿ. ಬ್ಯಾಸಿಗ್ಯಾಗ ಒಂದು ರಾತ್ರಿ ಸಾಕು, ಈಗ ನಿಮ್ಮಲ್ಲೆ ಮಳಿ, ಫ್ಯಾನ್ ಕೆಳಗ ಎರಡು ದಿನ ಬಿಡ್ರಿ. ಹಸಿ ಇದ್ದಾಗ ಗ್ಲೂ ಹಾಕಿದ್ರ ಬುರುಗು ಬಂದು ಬಿಳಿ ಆಗ್ತದ, ಸೂಪರ್ ಗ್ಲೂ ಗಟ್ಟಿ ಆಗೋದ ನೀರಿನ ಪಸಿಯಿಂದ.

ಗ್ಲೂ ಅಂದ್ರ ಬೀದಿ ಅಂಗಡ್ಯಾಗ ಸಿಗೋ ಫೆವಿಕ್ವಿಕ್ ನಡೀತದ, ತೆಳ್ಳಗಿರೋದ್ರಿಂದ ಸಂದಿನ್ಯಾಗ ತಾನ ಹರದು ಹೋಗ್ತದ. ಈ ಜಾತಿ ಗ್ಲೂ ಹುಟ್ಟಿದ್ದೂ ಮಜಾ ಅದ, 1942ರಾಗ ಅಮೆರಿಕದ ಕೊಡಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿ ನೋಡೋ ಕಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕಾಕ ಹೋಗಿ ಇದನ್ನ ಕಂಡ, ಎಲ್ಲಾದಕ್ಕೂ ಅಂಟತದ ಅಂತ ಬ್ಯಾಸತ್ತು ಬಿಟ್ಟ, ಒಂಬತ್ತು ವರ್ಷದ ಮ್ಯಾಲ ಅಂಟೋದ ಇದರ ಗುಣ ಅಂತ ತಿಳೀತು. ಒಣಗಿದ ಸುರುಳಿ ಬಿಚ್ಚಿ, ಮತ್ತ ಸುತ್ತಕೋತ, ಒಂದು ಇಂಚಿಗೆ ಒಂದು ಹನಿ, ಬಟರ್ ಪೇಪರ್ ತುಂಡಿನಿಂದ ಒತ್ತಿ ಹತ್ತು ಎಣಿಸಿ ಮುಂದ ಹೋಗ್ರಿ. ಮೊದಲನೇ ಸುತ್ತು ಪೈಪಿಗೆ ಅಲ್ಲ, ತನಗ ತಾನ ಅಂಟಬೇಕು, ಅಲ್ಲಿಂದ ಮುಂದ ಸುಲಭ. ಬಿಗಿಯಾಗಿ ಜಗ್ಗಿ ಸುತ್ತ್ರಿ, ಸಂದಿ ಉಳದ್ರ ಅದ ಕಟಗಿ ಉಜ್ಜಿದ ಹಿಟ್ಟು ತುಂಬಿ ಒಂದು ಹನಿ ಬಿಟ್ರ ಮುಚ್ಚತದ.

ಒಂದು ಮಾತು ಕಿವ್ಯಾಗ ಹಾಕ್ಕೋರಿ. ಈ ಗ್ಲೂ ಹತ್ತಿಗೆ ತಾಗಬಾರದು. ನಾನು ಹೊಸದಾಗಿ ಮನ್ಯಾಗ ಉಂಗುರ ಮಾಡಾಕ ಶುರು ಮಾಡಿದಾಗ ಹೆಚ್ಚಿಗೆ ಚೆಲ್ಲಿದ ಗ್ಲೂ ಒರಸಾಕ ಕೈಗೆ ಸಿಕ್ಕ ಹಳೇ ಬನಿಯನ್ ತುಂಡು ತಗೊಂಡೆ, ಎರಡು ಸೆಕೆಂಡಿನ್ಯಾಗ ತುಂಡು ಕೈಯಾಗ ಸುಡಾಕ ಹತ್ತಿತು, ಬಿಳೇ ಹೊಗಿ ಎದ್ದು ಕಣ್ಣಾಗ ನೀರು, ಕೆಮ್ಮು, ಒಗದದ್ದು ಹೋಗಿ ಬಿದ್ದದ್ದು ಒಣ ಹಾಕಿದ ಹಾಸಿಗಿ ಮ್ಯಾಲ. ಹಾಸಿಗಿಗೆ ಏನೂ ಆಗಲಿಲ್ಲ, ನನಗ ಆದದ್ದು ಬರಿಯಂಗಿಲ್ಲ. ಹತ್ತ್ಯಾಗ ಈ ಗ್ಲೂ ಒಮ್ಮೆಲೇ ಗಟ್ಟಿ ಆಗಿ ಭಾರಿ ಶಾಖ ಬಿಡ್ತದ. ಹಂಗಾಗಿ ಕಾಟನ್ ಹ್ಯಾಂಡ್ ಗ್ಲವ್ಸ್ ಬ್ಯಾಡ, ತೊಡಿ ಮ್ಯಾಲ ಇಟ್ಕೊಂಡು ಕೆಲಸ ಬ್ಯಾಡ, ಒರಸಾಕ ಟಿಶ್ಯೂ ಪೇಪರ್, ಕಿಡಕಿ ತಗದು ಫ್ಯಾನ್ ಹಚ್ಚಿ ಕೂಡ್ರಿ. ಬೆರಳು ಅಂಟಿಕೊಂಡ್ರ ಜಗ್ಗಬ್ಯಾಡ್ರಿ, ಬೆಚ್ಚಗಿನ ಸಾಬೂನು ನೀರು, ಇಲ್ಲಾ ನೇಲ್ ಪಾಲಿಶ್ ರಿಮೂವರ್.

ಒಂದು ರಾತ್ರಿ ಬಿಟ್ಟು ಪೈಪಿನಿಂದ ಜಾರಿಸ್ರಿ. ನೋಡಾಕ ಹೊಲಸು ಇರ್ತದ, ಅಂಚು ಏರುಪೇರು, ಗ್ಲೂ ಕಲೆ, ಹೆದರಬ್ಯಾಡ್ರಿ. ನೆಲದ ಟೈಲ್ ಮ್ಯಾಲ 120 ನಂಬರ್ ಉಪ್ಪು ಕಾಗದ ಅಂಟಿಸಿ ಉಂಗುರ ಮಲಗಿಸಿ ಇಂಗ್ಲಿಷ್ ಎಂಟರ ಆಕಾರದಾಗ ತಿರಗಸ್ಕೋತ ಉಜ್ಜ್ರಿ, ಒಂದ ಕಡೆ ಒತ್ತಿದ್ರ ಓರೆ ಆಗ್ತದ. ಒಳಗ ಪೆನ್ನಿಗೆ ಕಾಗದ ಸುತ್ತಿ ಉಜ್ಜೋದು, ಒಳಗಿನ ಎರಡೂ ಅಂಚು ಸ್ವಲ್ಪ ದುಂಡಗ ಮಾಡ್ರಿ, ಅಷ್ಟ ಮಾಡಿದ್ರ ಬೆರಳಿಗೆ ಹಾಕಾಕ ತಗ್ಯಾಕ ಬೆಣ್ಣಿ ಹಂಗ. ಆಮ್ಯಾಲ 240, 400. ಡ್ರಿಲ್ ಇರೋದ್ರಿಂದ ನೀವು ಒಂದು ಕಟಗಿ ಗೂಟಕ್ಕ ಮಾಸ್ಕಿಂಗ್ ಟೇಪ್ ಸುತ್ತಿ ಉಂಗುರ ಬಿಗಿಯಾಗಿ ಕೂಡಿಸಿ ಸಾವಕಾಶ ತಿರಗಿಸಿ ಉಜ್ಜಬಹುದು, ಅದ ನಿಮ್ಮ ಲೇತ್. ನಾನಂತೂ ಕೈಯಿಂದ ಉಜ್ಜತೀನಿ, ಸಪ್ಪಳ ಇಲ್ಲ, ಧೂಳು ಅಷ್ಟು ಹಾರಂಗಿಲ್ಲ, ಸೊಸೈಟಿಯವರು ಬಾಗಿಲ ಬಡಿಯಂಗಿಲ್ಲ. ಎನ್95 ಮಾಸ್ಕ್ ಮಾತ್ರ ಹಾಕ್ಕೋರಿ, ಕೊರೋನಾದ್ದು ಉಳದಿದ್ರ ಅದ ಸಾಕು. ಕಟಗಿ ಧೂಳಿನಿಂದ ಕ್ಯಾನ್ಸರ್ ಬರ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1990ರ ದಶಕದಾಗ ಹೇಳಿಟ್ಟದ, ಅದು ವರ್ಷಗಟ್ಟಲೆ ಕುಡಿದ ನಮ್ಮಂಥವರ ಚಿಂತಿ, ನಿಮ್ಮದು ಒಂದೆರಡು ಉಂಗುರ, ಆದ್ರೂ ಮೂಗು ಮುಚ್ಚಿಕೊಳ್ಳಾಕ ಏನು ಖರ್ಚು.

ಪಾಲಿಶ್‌ಗೆ ಮೂರು ದಾರಿ. ಬಡಿಗೇರರ ಅರಗಿನ ಪಾಲಿಶ್ ಚಂದ ಕಾಣ್ತದ, ಆದ್ರ ಅದು ಸ್ಪಿರಿಟ್‌ನ್ಯಾಗ ಕರಗೋ ವಸ್ತು, ಹ್ಯಾಂಡ್ ಸ್ಯಾನಿಟೈಜರ್ ಒಂದು ಹನಿ ಬಿದ್ರ ಅಂಟಂಟ ಆಗ್ತದ. ಅಗಸಿ ಎಣ್ಣಿ ಹಚ್ಚಬಹುದು, ಇಲ್ಲೆ ಜವಸಾಚೆ ತೇಲ್ ಅಂತ ಕೇಳಿದ್ರ ಪೇಂಟ್ ಅಂಗಡ್ಯಾಗ ಕೊಡ್ತಾರ, ಚಟ್ನಿ ಅಗಸಿದ ಅಣ್ಣತಮ್ಮ. ಕಟಗಿ ಕಟಗಿ ಹಂಗ ಕಾಣಬೇಕಂದ್ರ ಅದ ಛಲೋ, ಆದ್ರ ನೀರು ತಡಿಯಂಗಿಲ್ಲ, ತಿಂಗಳಿಗೊಮ್ಮೆ ಹಚ್ಚಬೇಕು, ಮತ್ತ ಎಣ್ಣಿ ಒರಸಿದ ಬಟ್ಟಿ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ, ಅದು ತಾನ ಬಿಸಿಯಾಗಿ ಹತ್ಗೋತದ, ಹರವಿ ಒಣಗಿಸಿ ಬಿಸಾಡ್ರಿ. ದಿನಾ ಹಾಕೋ ಉಂಗುರಕ್ಕ, ಅದೂ ಮುಂಬೈ ಪಸಿಗೆ, ಅದ ಸೂಪರ್ ಗ್ಲೂನ ಪಾಲಿಶ್. ಟಿಶ್ಯೂ ತುದಿಗೆ ಎರಡು ಹನಿ ಹಾಕಿ ಉಂಗುರದ ಮ್ಯಾಲ ಒಂದ ಸಲ ಬಳೀರಿ, ತಿರಗಿ ಬರಬ್ಯಾಡ್ರಿ, ತಿರಗಿ ಬಂದ್ರ ಗೆರಿ ಏಳ್ತಾವ. ಹತ್ತು ನಿಮಿಷ ಬಿಟ್ಟು ಮತ್ತೊಂದು. ಹೊರಗ ಎಂಟತ್ತು ಕೋಟ್, ಒಳಗ ಎರಡು ಮೂರು, ಅಂಚು ಮರೀಬ್ಯಾಡ್ರಿ, ನೀರು ಒಳಗ ಹೋಗೋದ ಅಂಚಿನಿಂದ. ಹವಾದಾಗ ಪಸಿ ಭಾಳ ಇದ್ರ ಮ್ಯಾಲ ಬಿಳೇ ಬೂದಿ ಹಿಡದಂಗ ಆಗ್ತದ, ಕೋಟ್ ದಪ್ಪ ಆತಂತ ಅರ್ಥ, ತೆಳ್ಳಗ ಹಚ್ಚಿ ಫ್ಯಾನ್ ಗಾಳಿ ಆಡಾಕ ಬಿಡ್ರಿ. ಬಿಳಿ ಆದದ್ದು ಉಜ್ಜಿದ್ರ ಹೋಗ್ತದ. ಕಡೀಕ 600, 1000, 2000 ನಂಬರ್ ನೀರ್ ಹಚ್ಚಿ ಉಜ್ಜಿ, ಕಾರಿಗೆ ಹಚ್ಚೋ ರಬ್ಬಿಂಗ್ ಕಾಂಪೌಂಡ್ ಬಟ್ಟಿದಾಗ ತಿಕ್ಕ್ರಿ. ಆ ಕ್ಷಣ ನೋಡಬೇಕು, ಮಬ್ಬು ಸರದು ಕೆಳಗ ವಾಲ್‌ನಟ್ ಎಳಿ ಕಾಜಿನ ಕೆಳಗ ಇಟ್ಟಂಗ ಎದ್ದು ಬರ್ತದ.

ಒಂದು ಜಾಗ್ರತೆ. ಗಟ್ಟಿ ಆದ ಈ ಗ್ಲೂ ಹೆಚ್ಚಿನವರಿಗೆ ಏನೂ ಮಾಡಂಗಿಲ್ಲ, ಆದ್ರ ಕೆಲವು ಮಂದಿಗೆ ಅದರದ್ದೂ ಅಲರ್ಜಿ ಇರ್ತದ. ನಕಲಿ ಉಗುರು ಅಂಟಿಸಿಕೊಂಡಾಗ ಅವರ ಉಗುರಿನ ಸುತ್ತ ತುರಿಸಿತ್ತೇನು ಅಂತ ಮಾತಿನ್ಯಾಗ ಕೇಳಿ ಇಟ್ಕೋರಿ, ಅದರಾಗಿನ ಗ್ಲೂ ಇದ ಜಾತಿದು. ಹಂಗಿದ್ರ ಒಳಗ ಗ್ಲೂ ಪಾಲಿಶ್ ಬಿಟ್ಟು ಬರೇ ಜೇನುಮೇಣ ತಿಕ್ಕ್ರಿ. ಏನಿದ್ರೂ ಮಾಡಿ ಮುಗಿಸಿದಮ್ಯಾಲ ಒಂದು ವಾರ ಗಾಳಿಗೆ ಬಿಟ್ಟು ಕೊಡ್ರಿ, ಮೊದಲ ಎರಡು ದಿನ ತಾಸೆರಡು ತಾಸು ಹಾಕ್ಕೊಂಡು ನೋಡ್ಲಿ.

ನಿಮ್ಮ ಶೀಶಂ ತುಂಡು ಒಗೀಬ್ಯಾಡ್ರಿ. ಅದರಿಂದ ನಿಮಗ ಒಂದು ಮಾಡಿಕೋಬಹುದು. ಕಾಲಿನಿಂದ ಉದ್ದುದ್ದ 2 ಮಿಮೀ ತೆಳ್ಳನ ಮೂರು ಚೀಪು ಸೀಳಿಸಿ, ಒಂದರ ಎಳಿ ಉತ್ತರಕ್ಕ ಇದ್ರ ಇನ್ನೊಂದರದ್ದು ಸ್ವಲ್ಪ ತಿರಗಿಸಿ ಅರವತ್ತು ಡಿಗ್ರಿ, ಮೂರನೇದು ಮತ್ತ ಅರವತ್ತು, ಹಂಗ ಅಂಟಿಸಿ ಒತ್ತಿಟ್ರ ಯಾವ ಕಡೆಯಿಂದ ಸೀಳಾಕ ಹೋದ್ರೂ ಇನ್ನೊಂದು ಚೀಪು ಅಡ್ಡ ನಿಲ್ತದ. ನಮ್ಮ ಪ್ಯಾಟರ್ನ್ ಶಾಪ್ ಬುದ್ಧಿ ಇದ. ಮೊದಲು ತೂತು, ಆಮ್ಯಾಲ ಹೊರಗಿನ ಆಕಾರ. ತುಂಡಿನ ಕೆಳಗ ಮ್ಯಾಲ ಬ್ಯಾಡಾದ ಹಲಗಿ ಇಟ್ಟು ಬಿಗಿದು, ಚಪ್ಪಟಿ ಚಮಚದಂಥ ಸ್ಪೇಡ್ ಬಿಟ್ ಬ್ಯಾಡ, ಅಂಚು ಚೊಕ್ಕ ಕೊರಿಯೋ ದುಂಡ ತಲಿ ಫೋರ್ಸ್ಟ್ನರ್ ಬಿಟ್ ಹಾಕಿ ಸಾವಕಾಶ ಕೊರೀರಿ. ಸುತ್ತಿದ ಉಂಗುರದಷ್ಟು ತೆಳ್ಳಗ ಮಾಡಾಕ ಹೋಗಬ್ಯಾಡ್ರಿ, ಗ್ವಾಡಿ ಮೂರು ಮಿಮೀ ಇರ್ಲಿ. ಇದು ಯಾವುದೂ ಬ್ಯಾಡಂದ್ರ ತೆಂಗಿನ ಪರಟಿ ಉಂಗುರ ಮಾಡ್ರಿ, ಗೋವಾದಾಗ ಮಾರ್ತಾರಲ್ಲ. ಪರಟಿಗೆ ಕಟಗಿ ಹಂಗ ಒಂದ ದಿಕ್ಕಿನ ಸೀಳು ಇಲ್ಲ, ಕಲ್ಲಿನಂಗ ಗಟ್ಟಿ, ಉಜ್ಜಿ ಉಜ್ಜಿ ಕೈ ಸೋಲ್ತದ ಅಷ್ಟ, ಅಗಲ ಮಾತ್ರ ಪರಟಿ ದಪ್ಪ ಎಷ್ಟೋ ಅಷ್ಟ ಬರ್ತದ.

ಕೊಟ್ಟಮ್ಯಾಲ ಮನಿಯವರಿಗೆ ಎರಡು ಮಾತು ಹೇಳಿ ಇಡ್ರಿ. ಭಾಂಡೆ ತಿಕ್ಕೋಮುಂದ, ಬಿಸಿನೀರಾಗ ಅರಿವಿ ತೊಳಿಯೋಮುಂದ ತಗದಿಡಬೇಕು, ಕೈ ತೊಳಕೊಂಡ್ರ ಏನೂ ಆಗಂಗಿಲ್ಲ. ನೇಲ್ ಪಾಲಿಶ್ ತಗ್ಯೋಮುಂದ ಕಡ್ಡಾಯ ತಗೀಬೇಕು, ಆ ರಿಮೂವರ್‌ನ್ಯಾಗ ಅಸಿಟೋನ್ ಇದ್ರ ನೀವು ಎರಡು ದಿನ ಕೂತು ಹಚ್ಚಿದ ಪಾಲಿಶ್ ಒಂದು ನಿಮಿಷದಾಗ ಮೆತ್ತಗಾಗಿ ಹೋಗ್ತದ. ಮ್ಯಾಲ ಗೀರು ಬಿದ್ರ ಮತ್ತ 1000 ನಂಬರ್ ಉಜ್ಜಿ ಎರಡು ಕೋಟ್.

ಟೈಮ್ ಲೆಕ್ಕ: ಈ ಶನಿವಾರ ವಿನಿಯರ್ ತಂದು ಎರಡು ಮೂರು ಪಟ್ಟಿ ಕೂಡಿಸೇ ಕುದಿಸಿ ಸುತ್ತಿಡ್ರಿ, ಒಂದೊಂದಕ್ಕ ಒಂದೊಂದು ಪೈಪ್ ತುಂಡು. ಸೋಮವಾರ ರಾತ್ರಿ ಗ್ಲೂ, ವಾರದಾಗ ಸಂಜಿ ಒಂದೊಂದು ತಾಸು ಉಜ್ಜೋದು, ಮುಂದಿನ ಶನಿವಾರ ರವಿವಾರ ಪಾಲಿಶ್, ಕಡೀ ವಾರ ಗಾಳಿಗೆ. ಮೊದಲನೇದು ಖಂಡಿತ ಓರೆ ಆಗ್ತದ, ಅದನ್ನ ಕೈಯಾಗ ಹಿಡದು ಜೋರಾಗಿ ಒತ್ತಿ ಮುರಿಯಾಕ ಪ್ರಯತ್ನ ಮಾಡ್ರಿ, ಮೊದಲಿನ ಮೂರು ಹೆಂಗ ಮುರದಿದ್ವು ಇದು ಹೆಂಗ ತಡೀತದ ಅಂತ ನಿಮಗ ತಿಳೀತದ. ಎರಡನೇದು ಅಳತಿ ಕೈಕೊಟ್ರ ಇರ್ಲಿ ಅಂತ. ಮೂರನೇದು ಅವರಿಗೆ.